ಮುದಿ ಗರಗಸಕ್ಕೆ ಮರುಜೀವ, ಅಪಾಯಕ್ಕೂ ಮರುಜೀವ

ಜರ್ಮನಿಯ ಹಳ್ಳಿಮನೆಯ ಉಗ್ರಾಣ, ಕೆನಡಾದ ಕೊಟ್ಟಿಗೆ, ಅಮೆರಿಕದ ಓರೆಗಾನ್ ರಾಜ್ಯದ ಗುಜರಿ ಅಂಗಡಿ. ಇಂತಹ ಸ್ಥಳಗಳಲ್ಲಿ ದೂಳು ಹಿಡಿದು ಬಿದ್ದಿರುವ ಅರವತ್ತು ವರ್ಷ ಹಳೆಯ ಯಂತ್ರಗರಗಸಗಳಿಗೆ ಈಗಲೂ ಗಿರಾಕಿಗಳಿದ್ದಾರೆ. ಮರ ಕೊಯ್ಯುವ ಅಗತ್ಯವಷ್ಟೇ ಇದ್ದರೆ ಯಾರೂ ಈ ತೊಂದರೆಗೆ ಹೋಗಬೇಕಿಲ್ಲ. ಇದರ ಅರ್ಧದಷ್ಟು ತೂಕದ, ಹೆಚ್ಚು ಸುರಕ್ಷಿತವಾದ ಹೊಸ ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ಆದರೂ ತುಕ್ಕು ಹಿಡಿದ ಹಳೆಯ ಯಂತ್ರವನ್ನು ಮನೆಗೆ ತಂದು, ಬಿಚ್ಚಿ, ತೊಳೆದು, ಸಿಗದ ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಹುಡುಕಿ, ಕೊನೆಗೊಂದು ದಿನ ಹಗ್ಗ ಎಳೆದು ಅದರ ಗರ್ಜನೆ ಕೇಳುವ ಹವ್ಯಾಸ ಯೂರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಬೇರೂರಿದೆ.

ಕನ್ನಡಿಗರಿಗೆ ಈ ಹುಚ್ಚು ಅಪರಿಚಿತವೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಬಿಚ್ಚಿ ಜೋಡಿಸುವವರು ರಾಜ್ಯದಲ್ಲಿ ಇನ್ನೂ ಇದ್ದಾರೆ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾರ್ಬುರೇಟರ್, ಪೆಟ್ರೋಲಿಗೆ ಬೆರೆಸುವ ಆಯಿಲ್: ಯೆಜ್ಡಿ ಮೆಕ್ಯಾನಿಕ್‌ನ ಬಾಯಲ್ಲಿ ಬರುವ ಈ ಪದಗಳೇ ಹಳೆಯ ಗರಗಸದ ದುರಸ್ತಿಯಲ್ಲೂ ಕೇಳಿಬರುತ್ತವೆ. ಎರಡೂ ಟೂ ಸ್ಟ್ರೋಕ್ ಎಂಜಿನ್‌ಗಳು. ವ್ಯತ್ಯಾಸವೊಂದೇ. ಬೈಕಿನ ಎಂಜಿನ್ ಚಕ್ರ ತಿರುಗಿಸುತ್ತದೆ. ಗರಗಸದ ಎಂಜಿನ್ ಕೈಯಲ್ಲಿ ಹಿಡಿದಿರುವಾಗಲೇ ಹರಿತವಾದ ಹಲ್ಲುಗಳ ಸರಪಳಿಯನ್ನು ಮೈಗೆ ಒಂದೆರಡು ಅಡಿ ದೂರದಲ್ಲಿ ಓಡಿಸುತ್ತದೆ. ದುರಸ್ತಿಯ ನಂತರದ ಪ್ರಶ್ನೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಇಬ್ಬರ ಯಂತ್ರ ಒಬ್ಬರ ಕೈಗೆ

ಸರಪಳಿಗೆ ಹಲ್ಲು ಕಟ್ಟುವ ಆಲೋಚನೆ ಹುಟ್ಟಿದ್ದು ಕಾಡಿನಲ್ಲಲ್ಲ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರು ಎಲುಬು ಕತ್ತರಿಸಲು ಕೈಯಿಂದ ಎಳೆಯುವ ಸರಪಳಿ ಗರಗಸ ಬಳಸಿದ್ದರು. ಮರದ ಕೆಲಸಕ್ಕೆ ಅದು ಎಂಜಿನ್ ಸಮೇತ ಬಂದದ್ದು 1920ರ ದಶಕದ ಜರ್ಮನಿಯಲ್ಲಿ. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಚಾಲಿತ ಗರಗಸ ತಯಾರಿಸಿದರು. ಅದರ ತೂಕ 64 ಕೆ.ಜಿ. ಮರುವರ್ಷ ಎಮಿಲ್ ಲೆರ್ಪ್ ತಮ್ಮ ಪೆಟ್ರೋಲ್ ಗರಗಸವನ್ನು ತುರಿಂಗಿಯಾದ ಡೋಲ್ಮಾರ್ ಬೆಟ್ಟದಲ್ಲಿ ಪರೀಕ್ಷಿಸಿ, ಕಂಪನಿಗೆ ಬೆಟ್ಟದ ಹೆಸರನ್ನೇ ಇಟ್ಟರು. 1929ರಲ್ಲಿ ಬಂದ ಸ್ಟಿಲ್ ಪೆಟ್ರೋಲ್ ಯಂತ್ರ 46 ಕೆ.ಜಿ. ತೂಗುತ್ತಿತ್ತು. ಇವನ್ನೆಲ್ಲ ಇಬ್ಬರು ಹಿಡಿಯಬೇಕಿತ್ತು.

ಒಬ್ಬರೇ ಹಿಡಿಯುವ ಯಂತ್ರಗಳು ಎರಡನೇ ಮಹಾಯುದ್ಧದ ನಂತರ ಬಂದವು. ಅಮೆರಿಕದ ಮೆಕಲಕ್ ಕಂಪನಿ 1949ರಲ್ಲಿ ತಂದ 3-25 ಮಾದರಿಯ ತೂಕ 25 ಪೌಂಡ್, ಅಂದರೆ 11 ಕೆ.ಜಿ.ಗೆ ಸ್ವಲ್ಪ ಹೆಚ್ಚು. (ಈ ಕಂಪನಿಯ ಒಡೆಯ ರಾಬರ್ಟ್ ಮೆಕಲಕ್ 1968ರಲ್ಲಿ ಲಂಡನ್ ಸೇತುವೆಯನ್ನೇ ಕೊಂಡು, ಕಲ್ಲುಗಳನ್ನು ಬಿಚ್ಚಿಸಿ ತಂದು ಅರಿಜೋನಾದ ಮರುಭೂಮಿಯಲ್ಲಿ ಮತ್ತೆ ಕಟ್ಟಿಸಿದ ಆಸಾಮಿ!) 1959ರಲ್ಲಿ ಸ್ಟಿಲ್ ‘ಕಾಂಟ್ರಾ’ ಮಾದರಿಯನ್ನು ಬಿಡುಗಡೆ ಮಾಡಿತು. ಗೇರ್ ಇಲ್ಲದೆ ನೇರವಾಗಿ ಸರಪಳಿ ತಿರುಗಿಸುವ ಎಂಜಿನ್, ಆರು ಅಶ್ವಶಕ್ತಿ, 12 ಕೆ.ಜಿ. ತೂಕ. ಅದರ ಎಂಜಿನ್ ಗಾತ್ರ ನೂರು ಸಿಸಿಗಿಂತ ತುಸು ಹೆಚ್ಚು. ನಮ್ಮಲ್ಲಿ ಒಂದು ಕಾಲಕ್ಕೆ ಯುವಕರ ಕನಸಾಗಿದ್ದ ಯಮಹಾ ಆರ್‌ಎಕ್ಸ್ 100 ಬೈಕಿನ ಎಂಜಿನ್ 98 ಸಿಸಿ. ಬೈಕಿನಷ್ಟು ದೊಡ್ಡ ಎಂಜಿನ್ನನ್ನು ಎರಡು ಕೈಗಳಲ್ಲಿ ಎತ್ತಿ ಹಿಡಿದು ದಿನವಿಡೀ ಮರ ಕೊಯ್ಯುವುದನ್ನು ಊಹಿಸಿಕೊಂಡರೆ ಕಾಂಟ್ರಾದ ಆಕರ್ಷಣೆಯೂ ಅದರ ಕಷ್ಟವೂ ಒಟ್ಟಿಗೇ ಅರ್ಥವಾಗುತ್ತವೆ.

ಹವ್ಯಾಸಿಗಳು ಹೆಚ್ಚಾಗಿ ಅರಸುವುದು 1950ರಿಂದ 1970ರ ದಶಕದವರೆಗಿನ ಇಂತಹ ಮಾದರಿಗಳನ್ನೇ. ಅವುಗಳ ಹೊರಕವಚ ಮೆಗ್ನೀಸಿಯಂ ಮಿಶ್ರಲೋಹದ್ದು, ಪ್ಲಾಸ್ಟಿಕ್ ಕಡಿಮೆ, ಪ್ರತಿ ಭಾಗವನ್ನೂ ತಿರುಪು ಬಿಚ್ಚಿ ಹೊರತೆಗೆಯಬಹುದು. ಅಂದರೆ ಬಿಚ್ಚಲೆಂದೇ ತಯಾರಾದ ಯಂತ್ರಗಳು.

ಕಾಯಿಲೆ ಪತ್ತೆ

ಅನುಭವಿಗಳು ಹಳೆಯ ಗರಗಸ ಕೈಗೆ ಬಂದ ಕೂಡಲೇ ಹಗ್ಗ ಎಳೆದು ಚಾಲೂ ಮಾಡಲು ಹೋಗುವುದಿಲ್ಲ. ಒಳಗೆ ಏನಿದೆಯೋ ತಿಳಿಯದೆ ಎಂಜಿನ್ ತಿರುಗಿಸಿದರೆ ಉಳಿದಿರುವ ಭಾಗವೂ ಹಾಳಾಗಬಹುದು. ಮೊದಲು ಸೈಲೆನ್ಸರ್ ಕಳಚಿ, ಹೊಗೆ ಹೊರಹೋಗುವ ಕಿಂಡಿಯಿಂದ ಪಿಸ್ಟನ್‌ನ ಮೈ ನೋಡುತ್ತಾರೆ. ಅದು ನುಣುಪಾಗಿದ್ದರೆ ಅರ್ಧ ಗೆದ್ದಂತೆ. ಉದ್ದುದ್ದ ಗೀರುಗಳಿದ್ದರೆ ಯಂತ್ರ ಹಿಂದೆಂದೋ ಕಾದು ಸೀಜ್ ಆಗಿದೆ ಎಂದರ್ಥ. ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಅವನ್ನು ಒಣಗಿರುವಾಗ ಕೆರೆದು ಪುಡಿ ಎಬ್ಬಿಸಬಾರದು.

ನಂತರದ್ದು ಕಂಪ್ರೆಷನ್ ಪರೀಕ್ಷೆ. ಪ್ಲಗ್ ಇರುವ ಜಾಗಕ್ಕೆ ಮಾಪಕ ಸಿಕ್ಕಿಸಿ ಹಗ್ಗ ಎಳೆದಾಗ 120ರಿಂದ 150 ಪಿಎಸ್‌ಐ ಒತ್ತಡ ತೋರಿಸಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 100ಕ್ಕಿಂತ ಕೆಳಗಿದ್ದರೆ ರಿಂಗ್ ಸವೆದಿರಬೇಕು. ಮಾಪಕ ಇಲ್ಲದವರಿಗೆ ಮರ ಕಡಿಯುವವರ ಹಳೆಯ ಉಪಾಯವೊಂದಿದೆ. ಗರಗಸವನ್ನು ಅದರ ಸ್ಟಾರ್ಟರ್ ಹಗ್ಗದಿಂದಲೇ ಎತ್ತಿ ಹಿಡಿಯುವುದು. ಯಂತ್ರ ತಡೆತಡೆದು ನಿಧಾನವಾಗಿ ಕೆಳಗಿಳಿದರೆ ಒತ್ತಡವಿದೆ, ಸರ್ರನೆ ಜಾರಿದರೆ ಇಲ್ಲ.

ಮುಂದಿನ ಪರೀಕ್ಷೆ ಕಿಡಿಯದು. ಹಳೆಯ ಮ್ಯಾಗ್ನೆಟೋ ವ್ಯವಸ್ಥೆಯಲ್ಲಿ ಪಾಯಿಂಟ್‌ಗಳು ಪ್ರತಿ ಸುತ್ತಿಗೆ ಒಮ್ಮೆ ತೆರೆದುಕೊಂಡಾಗ ಕಿಡಿ ಹಾರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದರೆ ಅವುಗಳ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ನುಣುಪು ಕಾಗದದಿಂದ ಉಜ್ಜಿ, ಅಂತರವನ್ನು ಸುಮಾರು 0.4 ಮಿ.ಮೀ.ಗೆ ಹೊಂದಿಸಿದರೆ ಸತ್ತಂತಿದ್ದ ಎಷ್ಟೋ ಯಂತ್ರಗಳು ಕಿಡಿ ಕೊಡುತ್ತವೆ. ಕಂಡೆನ್ಸರ್ ಹಾಳಾಗಿದ್ದರೆ ಹೊಸದು ಹಾಕಬೇಕು. ಪಾಯಿಂಟ್‌ನ ಗೋಜೇ ಬೇಡವೆನ್ನುವವರು ಸಣ್ಣ ಎಲೆಕ್ಟ್ರಾನಿಕ್ ಮಾಡ್ಯೂಲ್ ಜೋಡಿಸುತ್ತಾರೆ. ಇದನ್ನು ಅಪಚಾರವೆಂದು ಭಾವಿಸುವ ಸಂಗ್ರಾಹಕರೂ ಇದ್ದಾರೆ.

ಮೋಸ ಮಾಡುವ ಗಾಳಿ

ದುರಸ್ತಿಯಲ್ಲಿ ಅತ್ಯಂತ ಹೆಚ್ಚು ತಾಳ್ಮೆ ಬೇಡುವುದು ಕಣ್ಣಿಗೆ ಕಾಣದ ಗಾಳಿ ಸೋರಿಕೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಇರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆತ ಆಯಿಲ್ ಕ್ರ್ಯಾಂಕ್ ಕೋಣೆಯ ಮೂಲಕ ಸಾಗುತ್ತಾ ಬೇರಿಂಗ್ ಮತ್ತು ಪಿಸ್ಟನ್ನಿಗೆ ಸವರಿಕೊಳ್ಳುತ್ತದೆ. ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ರಬ್ಬರ್ ಸೀಲ್‌ಗಳು ದಶಕಗಳ ನಂತರ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಆ ಬಿರುಕಿನಿಂದ ಒಳಬರುವ ಗಾಳಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಕಡಿಮೆ ಮಾಡುತ್ತದೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ವಿಪರ್ಯಾಸವೆಂದರೆ ಆಗ ಎಂಜಿನ್ ಮೊದಲಿಗಿಂತ ಚುರುಕಾಗಿ, ಹೆಚ್ಚು ವೇಗದಲ್ಲಿ ಓಡುತ್ತದೆ. ದುರಸ್ತಿ ಚೆನ್ನಾಗಿ ಆಯಿತೆಂದು ಮಾಲೀಕ ಸಂತೋಷಪಡುವಷ್ಟರಲ್ಲಿ ಪಿಸ್ಟನ್ ಕಾದು ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ಬಿಡಿಭಾಗವೇ ಸಿಗದ ಯಂತ್ರಕ್ಕೆ ಇದು ಎರಡನೇ ಸಾವು.

ಆದ್ದರಿಂದ ಬಲ್ಲವರು ಎಂಜಿನ್ನಿನ ಕಿಂಡಿಗಳನ್ನು ಮುಚ್ಚಿ, ಸಣ್ಣ ಪಂಪಿನಿಂದ ಸುಮಾರು 7 ಪಿಎಸ್‌ಐ ಗಾಳಿ ತುಂಬಿ, ಮುಳ್ಳು ಇಳಿಯುತ್ತದೆಯೇ ಎಂದು ಕಾಯುತ್ತಾರೆ. ನಂತರ ಗಾಳಿ ಹೀರಿ ಅದೇ ಪರೀಕ್ಷೆ ಮಾಡುತ್ತಾರೆ. ಒತ್ತಡವಿದ್ದಾಗ ಮುಚ್ಚಿಕೊಳ್ಳುವ ಸೀಲ್ ನಿರ್ವಾತದಲ್ಲಿ ಸೋರುವುದುಂಟು. ಸೀಲ್‌ಗಳನ್ನು ಅಳತೆ ನೋಡಿ ಬೇರಿಂಗ್ ಅಂಗಡಿಯಿಂದ ತಂದು ಹಾಕಬಹುದೆಂಬುದು ಸಮಾಧಾನದ ಸಂಗತಿ.

ಸೀಜ್ ಆದ ಸಿಲಿಂಡರ್ ಕೂಡ ಎಲ್ಲ ಸಲವೂ ಗುಜರಿಗೆ ಹೋಗುವುದಿಲ್ಲ. ಒಳಗೋಡೆಗೆ ಕ್ರೋಮ್ ಲೇಪನವಿದ್ದರೆ ಅದಕ್ಕೆ ಅಂಟಿದ ಪಿಸ್ಟನ್ನಿನ ಅಲ್ಯೂಮಿನಿಯಂ ಪದರವನ್ನು ಆಮ್ಲ ಸೋಕಿಸಿ ಕರಗಿಸುತ್ತಾರೆ. ಇದು ಹನಿ ಹನಿಯಾಗಿ ಮಾಡಬೇಕಾದ ಕೆಲಸ. ಲೇಪನ ಎಲ್ಲಾದರೂ ಕಿತ್ತಿದ್ದರೆ ಆಮ್ಲ ಸಿಲಿಂಡರನ್ನೇ ತಿಂದುಹಾಕುತ್ತದೆ.

ಕಾರ್ಬುರೇಟರ್‌ನ ಕಥೆ ಬೇರೆ. ಮೊದಮೊದಲ ಗರಗಸಗಳಲ್ಲಿ ಬೈಕಿನಂತೆ ಫ್ಲೋಟ್ ಕಾರ್ಬುರೇಟರ್ ಇತ್ತು. ಯಂತ್ರ ಓರೆಯಾದರೆ ಪೆಟ್ರೋಲ್ ನಿಂತುಹೋಗುತ್ತಿತ್ತು. ಫ್ಲೋಟ್ ಬದಲು ತೆಳುವಾದ ಡಯಾಫ್ರಂ ಬಂದ ಮೇಲೆ ಗರಗಸವನ್ನು ಹೇಗೆ ಬೇಕಾದರೂ ತಿರುಗಿಸಿ ಹಿಡಿಯುವುದು ಸಾಧ್ಯವಾಯಿತು. ಆ ಡಯಾಫ್ರಂ ಈಗ ಒಣಗಿ ಚರ್ಮದಂತಾಗಿರುತ್ತದೆ. ಅಂದು ಅನೇಕ ಕಂಪನಿಗಳು ಬಳಸಿದ ಟಿಲಟ್‌ಸನ್ ಎಚ್‌ಎಲ್ ಸರಣಿಯ ಕಾರ್ಬುರೇಟರಿಗೆ ಡಯಾಫ್ರಂ ಮತ್ತು ಗ್ಯಾಸ್ಕೆಟ್‌ಗಳ ಕಿಟ್ ಇಂದಿಗೂ ಸಿಗುತ್ತದೆ. ಗೋ-ಕಾರ್ಟ್ ಪಂದ್ಯಗಳಲ್ಲೂ ಅದೇ ಕಾರ್ಬುರೇಟರ್ ಬಳಕೆಯಲ್ಲಿರುವುದೇ ಇದಕ್ಕೆ ಕಾರಣ.

ಹೀಗೆ ಸುಲಭವಾಗಿ ಸಿಗದ ಭಾಗಗಳೇ ಹೆಚ್ಚು. ಹೋಮ್‌ಲೈಟ್ ಕಂಪನಿ ಟೆಕ್ಸ್‌ಟ್ರಾನ್‌ನಿಂದ 1994ರಲ್ಲಿ ಜಾನ್ ಡೀರ್ ಕೈಗೆ, ಅಲ್ಲಿಂದ 2001ರಲ್ಲಿ ಮತ್ತೊಬ್ಬರ ಕೈಗೆ ಹೋಯಿತು. ಡೋಲ್ಮಾರ್ ಕಂಪನಿಯನ್ನು 1991ರಲ್ಲಿ ಜಪಾನಿನ ಮಕಿತಾ ಕೊಂಡಿತು. ಒಡೆತನ ಬದಲಾದಾಗ ಅರ್ಧ ಶತಮಾನ ಹಿಂದಿನ ಮಾದರಿಯ ಪಿಸ್ಟನ್ ತಯಾರಿಸಿಡುವ ಹಂಗು ಯಾರಿಗೂ ಇರುವುದಿಲ್ಲ. ಹಾಗಾಗಿ ಒಂದು ಗರಗಸ ಬದುಕಿಸಲು ಅದೇ ಮಾದರಿಯ ಎರಡು ಸತ್ತ ಗರಗಸಗಳನ್ನು ಕೊಳ್ಳುವುದು ಈ ಹವ್ಯಾಸದಲ್ಲಿ ಮಾಮೂಲು.

ಹುಳು ಕಲಿಸಿದ ಹಲ್ಲು

ಎಂಜಿನ್ ಓಡಿದ ಮಾತ್ರಕ್ಕೆ ಗರಗಸ ಕೊಯ್ಯುವುದಿಲ್ಲ, ಕೊಯ್ಯುವುದು ಸರಪಳಿ. ಹಳೆಯ ಸರಪಳಿಗಳ ಹಲ್ಲು ಕೈಗರಗಸದ ಹಲ್ಲಿನಂತೆಯೇ ಇದ್ದು, ಮರವನ್ನು ಕೆರೆಯುತ್ತಿದ್ದವು. ಪದೇ ಪದೇ ಮಸೆಯಬೇಕಾಗುತ್ತಿತ್ತು. 1946ರಲ್ಲಿ ಓರೆಗಾನ್‌ನ ಮರ ಕಡಿಯುವ ಕೆಲಸಗಾರ ಜೋಸೆಫ್ ಕಾಕ್ಸ್, ಮರ ಕೊರೆಯುವ ಜೀರುಂಡೆಯ ಮರಿಹುಳುವೊಂದು ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಸಾಗುವುದನ್ನು ಗಮನಿಸಿದರು. ಅದರ ಎಡ ಮತ್ತು ಬಲ ದವಡೆಗಳಂತೆ ಬಾಗಿದ ಹಲ್ಲುಗಳನ್ನು ಎಡಬಲವಾಗಿ ಜೋಡಿಸಿ ಅವರು ರೂಪಿಸಿದ ಸರಪಳಿಯ ತತ್ವವೇ ಇಂದಿನ ಯಂತ್ರಗರಗಸಗಳಲ್ಲೂ ಇದೆ.

ಹಳೆಯ ಯಂತ್ರಕ್ಕೆ ಸರಪಳಿ ಹೊಂದಿಸುವಾಗ ನೋಡಬೇಕಾದದ್ದು ಪಿಚ್. ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳ ನಡುವಿನ ಉದ್ದವನ್ನು ಅಳೆದು ಅರ್ಧ ಮಾಡಿದರೆ ಪಿಚ್ ಸಿಗುತ್ತದೆ. ಆ ಕಾಲದ ಅನೇಕ ಯಂತ್ರಗಳಲ್ಲಿ ಅರ್ಧ ಇಂಚು ಅಥವಾ 7/16 ಇಂಚು ಪಿಚ್ ಇತ್ತು. ಈಗ ಅವು ವಿರಳ. ಆದ್ದರಿಂದ ಹಲ್ಲುಚಕ್ರ ಮತ್ತು ಬಾರ್ ಎರಡನ್ನೂ ಬದಲಿಸಿ ಇಂದು ಸಿಗುವ 0.404 ಅಥವಾ 3/8 ಇಂಚಿನ ಸರಪಳಿ ಹಾಕಲಾಗುತ್ತದೆ. ಮಸೆಯಲು ಬೇಕಿರುವುದು ದುಂಡು ಅರ. ಪ್ರತಿ ಹಲ್ಲನ್ನೂ ಒಂದೇ ಕೋನದಲ್ಲಿ, ಒಂದೇ ಎಣಿಕೆಯಷ್ಟು ಸಲ ಉಜ್ಜಬೇಕು. ಹಲ್ಲಿನ ಮುಂದಿರುವ ಸಣ್ಣ ದಿಬ್ಬ ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿನಲ್ಲಿರಬೇಕು. ಬೇಗ ಕೊಯ್ಯಲೆಂದು ಅದನ್ನು ಇನ್ನಷ್ಟು ತಗ್ಗಿಸಿದರೆ ಹಲ್ಲು ಮರವನ್ನು ಕಚ್ಚಿ ಯಂತ್ರವನ್ನೇ ಜಗ್ಗುತ್ತದೆ. ಇನ್ನೊಂದು ವಿಚಾರ: ಬಹುಪಾಲು ಹಳೆಯ ಯಂತ್ರಗಳಲ್ಲಿ ಸರಪಳಿಗೆ ಎಣ್ಣೆ ಹೋಗಬೇಕಾದರೆ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಿರಬೇಕು. ಮರೆತರೆ ಬಾರ್ ಹೊಗೆಯಾಡುತ್ತದೆ.

ಬಿಳಿಚಿದ ಬೆರಳುಗಳು

ಇಷ್ಟೆಲ್ಲ ಆದ ಮೇಲೆ ಯಂತ್ರ 1959ರಲ್ಲಿ ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗಾಗುತ್ತದೆ. ಸಮಸ್ಯೆ ಇರುವುದೇ ಅಲ್ಲಿ. ಆಗ ಗರಗಸಗಳಿಗೆ ಸರಪಳಿ ಬ್ರೇಕ್ ಇರಲಿಲ್ಲ. ಎಡಗೈ ಮುಂದೆ ರಕ್ಷಾಫಲಕ ಇರಲಿಲ್ಲ. ಕಡಿದುಹೋದ ಸರಪಳಿಯನ್ನು ತಡೆಯುವ ಕೊಕ್ಕೆ ಇರಲಿಲ್ಲ. ಬಾರಿನ ತುದಿಯ ಮೇಲ್ಭಾಗ ಗಟ್ಟಿಯಾದ ಯಾವುದಕ್ಕಾದರೂ ತಾಗಿದರೆ ಗರಗಸ ಹಿಡಿದವನ ಮುಖದತ್ತ ಚಿಮ್ಮುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಈ ಘಟನೆಯಲ್ಲಿ ಮನುಷ್ಯನ ಚುರುಕುತನ ನೆರವಿಗೆ ಬರುವುದಿಲ್ಲ. 1970ರ ದಶಕದಲ್ಲಿ ಸರಪಳಿ ಬ್ರೇಕ್ ಬಂದದ್ದೇ ಇದಕ್ಕಾಗಿ.

ಕಂಪನದ ಅಪಾಯ ಇನ್ನೂ ಮೋಸದ್ದು. ಅದು ಗಾಯವಾಗಿ ಕಾಣುವುದಿಲ್ಲ. ಹಿಡಿಕೆಗಳನ್ನು ಎಂಜಿನ್ನಿಗೆ ನೇರವಾಗಿ ಬಿಗಿದಿದ್ದ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ಬೆರಳುಗಳಲ್ಲಿ ರಕ್ತನಾಳಗಳು ಕುಗ್ಗಿ, ಚಳಿಗೆ ಬೆರಳು ಸುಣ್ಣದಂತೆ ಬಿಳಿಚಿ ಸ್ಪರ್ಶವೇ ಇಲ್ಲವಾಗುತ್ತಿತ್ತು. 1960ರ ದಶಕದಲ್ಲಿ ಜಪಾನಿನ ಸರ್ಕಾರಿ ಅರಣ್ಯಗಳ ಕಾರ್ಮಿಕರಲ್ಲಿ ಇದು ವ್ಯಾಪಕವಾಗಿ ಕಂಡುಬಂದಾಗ ಅಲ್ಲಿನ ಜನ ಅದನ್ನು ‘ಬಿಳಿಮೇಣದ ಕಾಯಿಲೆ’ ಎಂದು ಕರೆದರು. ಗರಗಸ ಹಿಡಿಯುವ ಅವಧಿಯನ್ನು ದಿನಕ್ಕೆ ಎರಡು ಗಂಟೆಗೆ ಮಿತಗೊಳಿಸಬೇಕಾಯಿತು. ಸ್ಟಿಲ್ ಕಂಪನಿ 1964ರಲ್ಲಿ ಹಿಡಿಕೆಗೂ ಎಂಜಿನ್ನಿಗೂ ನಡುವೆ ಕಂಪನ ಹೀರುವ ವ್ಯವಸ್ಥೆ ತಂದಿತು; ಬೇರೆಯವರೂ ಅನುಸರಿಸಿದರು. ಪರಿಣಾಮ ಏನಾಯಿತೆಂಬುದಕ್ಕೆ ಫಿನ್‌ಲೆಂಡಿನ ಸುವೊಮುಸ್ಸಾಲ್ಮಿ ಪ್ರದೇಶದಲ್ಲಿ 1972ರಿಂದ 1990ರವರೆಗೆ ಅರಣ್ಯ ಕಾರ್ಮಿಕರನ್ನು ಪರೀಕ್ಷಿಸುತ್ತಾ ಬಂದ ಅಧ್ಯಯನ ಸಾಕ್ಷಿ. ಈ ಅವಧಿಯಲ್ಲಿ ಗರಗಸಗಳ ಕಂಪನದ ಪ್ರಮಾಣ ಸೆಕೆಂಡಿನ ವರ್ಗಕ್ಕೆ 14 ಮೀಟರ್‌ನಿಂದ 2 ಮೀಟರ್‌ಗೆ ಇಳಿಯಿತು. ಬೆರಳು ಬಿಳಿಚುವ ಕಾಯಿಲೆ ಇದ್ದವರ ಪ್ರಮಾಣ ಶೇ 40ರಿಂದ ಶೇ 5ಕ್ಕೆ ಇಳಿಯಿತು.

ಹವ್ಯಾಸಿಗೆ ಈ ಅಂಕಿಗಳ ಅರ್ಥ ಸರಳ. ಯೂರೋಪಿಯನ್ ಒಕ್ಕೂಟದ 2002ರ ನಿಯಮದಂತೆ ಎಂಟು ಗಂಟೆಯ ದುಡಿಮೆಗೆ ಲೆಕ್ಕ ಹಾಕಿದ ಕಂಪನ 2.5 ಮೀಟರ್ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು. 5 ಮೀಟರ್ ದಾಟಲೇಬಾರದು. 14 ಮೀಟರ್ ಕಂಪನದ ಹಳೆಯ ಗರಗಸ ಹಿಡಿದರೆ ಮೊದಲ ಮಟ್ಟವನ್ನು ತಲುಪಲು ಹದಿನೈದು ನಿಮಿಷ ಸಾಕು. ಒಂದು ಗಂಟೆಯಲ್ಲಿ ಗರಿಷ್ಠ ಮಿತಿಯೂ ಮುಗಿಯುತ್ತದೆ. ಹೊಸ ಸೀಲ್, ಹೊಸ ರಿಂಗ್, ಹೊಸ ಬಣ್ಣ ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ಚೆನ್ನಾಗಿ ದುರಸ್ತಿಯಾದ ಯಂತ್ರ ಹೆಚ್ಚು ಹೊತ್ತು ಓಡುವುದರಿಂದ ಕೈಗೆ ತಗಲುವ ಕಂಪನವೂ ಹೆಚ್ಚೇ.

ಹೀಗಾಗಿ ಹೊಣೆಯರಿತ ಸಂಗ್ರಾಹಕರು ಯಂತ್ರಗಳನ್ನು ಕೆಲಸಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಕೆಲವು ಕಪಾಟಿಗೆ ಮಾತ್ರ. ಕೆಲವನ್ನು ವರ್ಷಕ್ಕೊಮ್ಮೆ ಸ್ನೇಹಿತರ ಕೂಟದಲ್ಲಿ, ನೆಲದ ಮೇಲೆ ಭದ್ರವಾಗಿರಿಸಿದ ದಿಮ್ಮಿಯ ಮೇಲೆ ನಾಲ್ಕಾರು ಕೊಯ್ತಕ್ಕೆ ಬಳಸುತ್ತಾರೆ. ನಿಂತ ಮರ ಉರುಳಿಸಲು, ರೆಂಬೆ ಸವರಲು, ಏಣಿ ಹತ್ತಿ ಕೊಯ್ಯಲು ಬ್ರೇಕ್ ಇರುವ ಹೊಸ ಯಂತ್ರವನ್ನೇ ಹಿಡಿಯುತ್ತಾರೆ. ಹೆಲ್ಮೆಟ್, ಕಿವಿಮುಚ್ಚಳ, ಗರಗಸ ನಿರೋಧಕ ಪ್ಯಾಂಟ್ ಇಲ್ಲದೆ ಅವರು ಹಗ್ಗ ಎಳೆಯುವುದಿಲ್ಲ. ಆ ಪ್ಯಾಂಟಿನ ನಾರುಗಳು ಸರಪಳಿಗೆ ಸಿಕ್ಕಿ ಅದನ್ನು ನಿಲ್ಲಿಸುತ್ತವೆ. ಆದರೆ ಅದಕ್ಕೂ ಮಿತಿಯಿದೆ. ಮೊದಲ ದರ್ಜೆಯ ಉಡುಪನ್ನು ಪರೀಕ್ಷಿಸುವುದು ಸೆಕೆಂಡಿಗೆ 20 ಮೀಟರ್ ವೇಗದ ಸರಪಳಿಗೆ ಮಾತ್ರ.

ಪೆಟ್ರೋಲಿನ ಪೇಚು

ಹಳೆಯ ಯಂತ್ರದ ಮೇಲೆ ಅಂಟಿಸಿದ ಫಲಕದಲ್ಲಿ ಹದಿನಾರು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ ಎಂದು ಬರೆದಿರುವುದುಂಟು. ಅದು ಅಂದಿನ ಮೋಟಾರ್ ಆಯಿಲಿಗೆ ಹೇಳಿದ ಲೆಕ್ಕ. ಇಂದಿನ ಟೂ ಸ್ಟ್ರೋಕ್ ಆಯಿಲ್ ಗುಣಮಟ್ಟ ಹೆಚ್ಚಿರುವುದರಿಂದ ಬಹಳಷ್ಟು ಹವ್ಯಾಸಿಗಳು 32ಕ್ಕೆ ಒಂದರ ಪ್ರಮಾಣ ಬಳಸುತ್ತಾರೆ, ಅಂದರೆ ಲೀಟರಿಗೆ ಸುಮಾರು 31 ಮಿ.ಲೀ. ಕಾರ್ಬುರೇಟರ್ ತಿರುಪನ್ನು ಹೊಂದಿಸುವುದು ಕಿವಿಯಿಂದ. ಮರ ತಾಗಿಸದೆ ಪೂರ್ಣ ವೇಗದಲ್ಲಿ ಓಡಿಸಿದಾಗ ಎಂಜಿನ್ ಸ್ವಲ್ಪ ತೊದಲಬೇಕು. ಮರಕ್ಕೆ ಇಟ್ಟೊಡನೆ ತೊದಲು ನಿಂತು ಸದ್ದು ಸ್ವಚ್ಛವಾಗಬೇಕು. ಖಾಲಿ ಓಡುವಾಗಲೇ ಕಿರುಚುತ್ತಿದ್ದರೆ ಮಿಶ್ರಣ ತೆಳುವಾಗಿದೆ, ಪಿಸ್ಟನ್‌ಗೆ ಕೇಡು.

ಇದಕ್ಕಿಂತ ದೊಡ್ಡ ತೊಡಕು ಎಥೆನಾಲ್. ಅದು ತೇವಾಂಶ ಹೀರುತ್ತದೆ, ಹಳೆಯ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ, ಮೆಗ್ನೀಸಿಯಂ ಟ್ಯಾಂಕನ್ನು ಕೊರೆಯುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರಷ್ಟು ಎಥೆನಾಲ್ ಇರುವುದರಿಂದ ಅಲ್ಲಿಯ ಹವ್ಯಾಸಿಗಳು ಎಥೆನಾಲ್ ಇಲ್ಲದ ಪೆಟ್ರೋಲ್ ಹುಡುಕಿಕೊಂಡು ಹೋಗುತ್ತಾರೆ. ಸ್ವೀಡನ್ನಿನಲ್ಲಿ ಬೆಂಜೀನ್ ಅತ್ಯಲ್ಪವಿರುವ ಆಲ್ಕೈಲೇಟ್ ಪೆಟ್ರೋಲನ್ನು ಅರಣ್ಯ ಕಾರ್ಮಿಕರ ಆರೋಗ್ಯದ ದೃಷ್ಟಿಯಿಂದಲೇ ಬಳಕೆಗೆ ತರಲಾಯಿತು. ಭಾರತದಲ್ಲಿ 2025ರ ವೇಳೆಗೆ ಎಥೆನಾಲ್ ಮಿಶ್ರಣ ಶೇ 20ಕ್ಕೆ ಮುಟ್ಟಿದೆ. ಯೆಜ್ಡಿ ಇಟ್ಟುಕೊಂಡವರು ಎದುರಿಸುತ್ತಿರುವ ಪ್ರಶ್ನೆಯೂ ಇದೇ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಪ್ರತಿ ಕೊಳವೆ, ಪ್ರತಿ ರಬ್ಬರ್ ಉಂಗುರವನ್ನು ಎಥೆನಾಲ್ ತಾಳುವ ವಸ್ತುವಿಗೆ ಬದಲಿಸದೆ ಗತ್ಯಂತರವಿಲ್ಲ.

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಪೆಟ್ರೋಲ್ ಗರಗಸ ಹವ್ಯಾಸದ ವಸ್ತುವಲ್ಲ, ದಿನಗೂಲಿಯ ಸಾಧನ. ಅಲ್ಲಿ ಹಳೆಯ ಯಂತ್ರ ಎಂದರೆ ಬ್ರೇಕ್ ಕೆಟ್ಟರೂ ರಿಪೇರಿ ಮಾಡಿಸದೆ, ಕಂಪನ ಹೀರುವ ರಬ್ಬರ್ ಹರಿದರೂ ಬದಲಿಸದೆ ಓಡಿಸುತ್ತಿರುವ ಯಂತ್ರ ಎಂದರ್ಥ. ಹತ್ತು ವರ್ಷದ ಯಂತ್ರವಾದರೂ ಈ ಎರಡು ಭಾಗ ಕೆಟ್ಟ ಮೇಲೆ ಅದು 1959ರ ಕಾಂಟ್ರಾದ ಸಾಲಿಗೇ ಸೇರುತ್ತದೆ. ವ್ಯತ್ಯಾಸವೆಂದರೆ ಸಂಗ್ರಾಹಕ ಅದನ್ನು ಹದಿನೈದು ನಿಮಿಷ ಹಿಡಿದು ಕೆಳಗಿಡುತ್ತಾನೆ. ಕೂಲಿಯಾಳು ಸಂಜೆಯವರೆಗೆ ಹಿಡಿದಿರುತ್ತಾನೆ. ಎರಡೂ ಭಾಗಗಳು ದುಬಾರಿಯವಲ್ಲ, ಬದಲಿಸುವ ಕೆಲಸವೂ ಮೇಲೆ ವಿವರಿಸಿದ ದುರಸ್ತಿಗಿಂತ ಎಷ್ಟೋ ಸುಲಭ.

ಕೂಟ ಮುಗಿದ ಮೇಲೆ ಸಂಗ್ರಾಹಕರು ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತಾರೆ. ನಂತರ ಪ್ಲಗ್ ಬಿಚ್ಚಿ ಕೆಲವು ಹನಿ ಆಯಿಲ್ ಬಿಟ್ಟು, ಹಗ್ಗವನ್ನು ನಿಧಾನವಾಗಿ ಎರಡು ಸಲ ಎಳೆದು, ಸರಪಳಿ ಕಳಚಿ ಗೂಡಿನಲ್ಲಿ ಇಡುತ್ತಾರೆ.